ಮಕ್ಕಳ ರೋಬೋಟ್ ಸ್ಪರ್ಧೆಯ ನೇರ ಪ್ರಸಾರ: ಕ್ಯಾಮೆರಾ ಎತ್ತ ನೋಡಬೇಕು?



ನಮ್ಮ ಭಾಗದ ಮಕ್ಕಳ ತಂಡವೊಂದು ರೋಬೋಟ್ ಸ್ಪರ್ಧೆಗೆಂದು ಬೆಂಗಳೂರಿಗೆ ಹೋಗಿತ್ತು. ಭತ್ತದ ಕಟಾವಿನ ಕಾಲ. ಕಣೇಕಲ್ಲು ಬಿಟ್ಟು ಹೊರಟರೆ ಹೆತ್ತವರಿಗೆ ಎರಡು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿ ಮೊಬೈಲಿನಲ್ಲಿ ನೇರ ಪ್ರಸಾರ ನೋಡಿದೆವು. ವೇದಿಕೆ ಕಂಡಿತು, ಹಾರ-ಶಾಲು ಕಂಡವು, ಮೇಜಿನ ಸುತ್ತ ನಿಂತವರ ಬೆನ್ನು ಕಂಡವು. ಚಪ್ಪಾಳೆ ಕೇಳಿಸಿತು, ಯಾರಿಗೆಂದು ಗೊತ್ತಾಗಲಿಲ್ಲ. "ನಮ್ಮ ಹುಡುಗಿ ಏನು ಮಾಡಿದಳ್ರೀ?" ಎಂದು ಆ ತಾಯಿ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ನಮ್ಮ ಸಂಘದ ರಾಜ್ಯೋತ್ಸವದ ಪ್ರಸಾರದಲ್ಲಿ ನಾವೂ ಇದೇ ತಪ್ಪು ಮಾಡಿದ್ದೇವೆ. ಮುಂದೆ ನಮ್ಮೂರುಗಳಲ್ಲೇ ಇಂಥ ಸ್ಪರ್ಧೆ ನಡೆದರೆ ಕ್ಯಾಮೆರಾ ಹಿಡಿಯುವವರು ನಾವೇ. ಆದ್ದರಿಂದ ತಿಳಿದುಕೊಂಡ ಕೆಲವು ವಿಷಯಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ರೋಬೋಟ್ ಸ್ಪರ್ಧೆಗೂ ಟಿವಿಗೂ ಹಳೆಯ ನಂಟು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1988ರಲ್ಲೇ ವಿದ್ಯಾರ್ಥಿಗಳಿಗೆ ಇಂಥ ಸ್ಪರ್ಧೆ ಶುರು ಮಾಡಿತು. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ 'ಎಬಿಯು ರೋಬೋಕಾನ್' 2002ರಲ್ಲಿ ಟೋಕಿಯೋದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ದೂರದರ್ಶನ. 2008 ಮತ್ತು 2014ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೇ ಪುಣೆಯಲ್ಲಿ ನಡೆಯಿತು. ಒಂದು ತಂಡ ಕೆಂಪು, ಇನ್ನೊಂದು ನೀಲಿ. ನಿಯಮ ಗೊತ್ತಿಲ್ಲದವರಿಗೂ ಯಾರು ಯಾರೆಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಶಾಲಾ ಮಕ್ಕಳ ಸ್ಪರ್ಧೆಯಲ್ಲಿ ನೋಡಬೇಕಾದ್ದೇನು? 'ಫಸ್ಟ್ ಲೆಗೊ ಲೀಗ್' ಪದ್ಧತಿಯನ್ನೇ ತೆಗೆದುಕೊಳ್ಳಿ. ಸುಮಾರು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಒಂದು ಸುತ್ತಿಗೆ ಎರಡೂವರೆ ನಿಮಿಷ. ರಿಮೋಟ್ ಇಲ್ಲ; ಮಕ್ಕಳು ಮೊದಲೇ ಬರೆದಿಟ್ಟ ಪ್ರೋಗ್ರಾಮಿನಂತೆ ರೋಬೋಟ್ ತಾನೇ ಓಡಬೇಕು. ತಿಂಗಳುಗಟ್ಟಲೆ ಪಟ್ಟ ಶ್ರಮ ಆ ಎರಡೂವರೆ ನಿಮಿಷದಲ್ಲೇ ಕಾಣುವುದು. ಆಗ ಕ್ಯಾಮೆರಾವನ್ನು ಅತಿಥಿಗಳತ್ತ ತಿರುಗಿಸಿದರೆ, ಕಬಡ್ಡಿಯಲ್ಲಿ ರೈಡ್ ನಡೆಯುವಾಗ ಪ್ರೇಕ್ಷಕರನ್ನು ತೋರಿಸಿದಂತೆ.

ಹಾಗಾಗಿ ನಮ್ಮ ಸೂಚನೆಗಳು:

1. ಮೊದಲ ಕ್ಯಾಮೆರಾ ಎತ್ತರದಲ್ಲಿ, ಮೇಜು ಪೂರ್ತಿ ಕಾಣುವಂತೆ ಇರಲಿ. ಮಕ್ಕಳೂ ತೀರ್ಪುಗಾರರೂ ಸುತ್ತ ನಿಲ್ಲುವುದರಿಂದ ಪಕ್ಕದಲ್ಲಿಟ್ಟ ಕ್ಯಾಮೆರಾಕ್ಕೆ ಬೆನ್ನುಗಳೇ ಕಾಣುತ್ತವೆ. ಮೇಲೆ ಕಟ್ಟಿದ ಕ್ಯಾಮೆರಾ ಮಕ್ಕಳ ಮೇಲೆ ಬೀಳದಂತೆ ಎರಡನೆಯ ಹಗ್ಗದಿಂದಲೂ ಬಿಗಿಯಿರಿ. ಸುತ್ತು ಮುಗಿಯುವವರೆಗೆ ಈ ಚಿತ್ರ ಬದಲಾಗಬಾರದು.

2. ಎರಡನೆಯ ಕ್ಯಾಮೆರಾ ಇದ್ದರೆ ಅದು ಮಕ್ಕಳ ಮುಖಕ್ಕೆ. ಅದನ್ನು ಪರದೆಯ ಮೂಲೆಯಲ್ಲಿ ಚಿಕ್ಕದಾಗಿ ತೋರಿಸಬಹುದು. ಒಂದು ಲ್ಯಾಪ್‌ಟಾಪ್ ಮತ್ತು ಉಚಿತವಾಗಿ ಸಿಗುವ ಓಬಿಎಸ್ ತಂತ್ರಾಂಶ ಇದಕ್ಕೆ ಸಾಕು.

3. ತಂಡದ ಹೆಸರು, ಉಳಿದ ಸಮಯ, ಅಂಕ – ಇವು ಪರದೆಯ ಮೇಲೆ ಕನ್ನಡದಲ್ಲಿ ಇರಲಿ. ಒಬ್ಬರು ಕನ್ನಡದಲ್ಲಿ ವಿವರಣೆ ಕೊಡಲಿ. ಈ ಪದ್ಧತಿಯಲ್ಲಿ ಮೂರು ಸುತ್ತುಗಳಲ್ಲಿ ಅತಿ ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಇದನ್ನು ಹೇಳದಿದ್ದರೆ ಮೊದಲ ಸುತ್ತು ಕೆಟ್ಟ ಕೂಡಲೇ ಮನೆಯವರು ಬೇಸರದಿಂದ ಫೋನ್ ಆರಿಸಿಬಿಡುತ್ತಾರೆ.

4. ಮೊಬೈಲನ್ನೇ ಕ್ಯಾಮೆರಾ ಮಾಡಿಕೊಂಡರೆ ಚಾರ್ಜರ್ ಹಾಕಿಡಿ, ಕರೆಗಳು ಬರದಂತೆ ಮಾಡಿ. ನಡುವೆ ಒಂದು ಕರೆ ಬಂದರೂ ಪ್ರಸಾರ ನಿಲ್ಲಬಹುದು. ನೆಟ್ ಹೋದರೂ ಚಿತ್ರ ಉಳಿಯುವಂತೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

5. ಹಾಟ್‌ಸ್ಪಾಟ್ ವಿಷಯದಲ್ಲಿ ಎಚ್ಚರ. ದೊಡ್ಡ ಮಕ್ಕಳ 'ಫಸ್ಟ್ ಟೆಕ್ ಚಾಲೆಂಜ್'ನಲ್ಲಿ ಹನ್ನೆರಡು ಅಡಿ ಚೌಕದ ಅಂಕಣದೊಳಗೆ ಒಮ್ಮೆಗೆ ನಾಲ್ಕು ರೋಬೋಟ್ ಓಡುತ್ತವೆ. ಮೊದಲ 30 ಸೆಕೆಂಡು ತಾವಾಗಿಯೇ, ಆಮೇಲೆ ಎರಡು ನಿಮಿಷ ಮಕ್ಕಳ ಹತೋಟಿಯಲ್ಲಿ. ಆ ಹತೋಟಿ ನಡೆಯುವುದು ವೈಫೈ ಮೂಲಕ. ಅಂಕಣದ ಪಕ್ಕದಲ್ಲೇ ನಾವು ಹಾಟ್‌ಸ್ಪಾಟ್ ಹಾಕಿದರೆ ಅಡ್ಡಿಯಾಗಿ ರೋಬೋಟ್ ನಿಂತೇಹೋಗಬಹುದು. ಪ್ರಸಾರಕ್ಕೆ ಕೇಬಲ್ ಸಂಪರ್ಕವೇ ಲೇಸು. ಆಯೋಜಕರನ್ನು ಕೇಳದೆ ಏನನ್ನೂ ಆನ್ ಮಾಡಬೇಡಿ.

6. ಖರ್ಚಿನ ಲೆಕ್ಕ: ಸೆಕೆಂಡಿಗೆ 3 ಮೆಗಾಬಿಟ್ ವೇಗದಲ್ಲಿ ಕಳಿಸಿದರೆ ಗಂಟೆಗೆ ಸುಮಾರು 1.35 ಜಿಬಿ ಬೇಕು. ಮನೆಯಲ್ಲಿ ನೋಡುವವರು ಯೂಟ್ಯೂಬಿನಲ್ಲಿ ಗುಣಮಟ್ಟ ಇಳಿಸಿಕೊಂಡರೆ ಡೇಟಾ ಉಳಿಯುತ್ತದೆ. ಹೊಸ ಖಾತೆಯಲ್ಲಿ ನೇರ ಪ್ರಸಾರಕ್ಕೆ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ಹಿಂದಿನ ದಿನವೇ ಸಿದ್ಧಮಾಡಿಕೊಳ್ಳಿ.

7. ಮಕ್ಕಳನ್ನು ತೋರಿಸಲು ಹೆತ್ತವರ ಒಪ್ಪಿಗೆ ಬರಹದಲ್ಲೇ ಇರಲಿ. ಪರದೆಯ ಮೇಲೆ ತಂಡದ ಹೆಸರು ಸಾಕು. ಮಗುವಿನ ಹೆಸರು, ಊರು, ತರಗತಿ ಒಟ್ಟಿಗೆ ಹಾಕಬೇಡಿ.

ಇನ್ನೊಂದು ಮಾತು. ನೇರ ಪ್ರಸಾರವೆಂದರೂ ಚಿತ್ರ ನಮ್ಮನ್ನು ಮುಟ್ಟುವುದು ಕೆಲವು ಸೆಕೆಂಡು ತಡವಾಗಿ. ಒಮ್ಮೊಮ್ಮೆ ಅರ್ಧ ನಿಮಿಷವೂ ಆಗುತ್ತದೆ. ಅಲ್ಲಿಂದ ಯಾರಾದರೂ ಮೊದಲೇ ಫೋನ್ ಮಾಡಿ ಫಲಿತಾಂಶ ಹೇಳಿಬಿಟ್ಟರೆ ಇಲ್ಲಿ ನೋಡುತ್ತಿರುವವರ ಸಂತೋಷ ಹೋಗುತ್ತದೆ. ಒಂದು ನಿಮಿಷ ತಾಳಿರಿ.

ರಾಯದುರ್ಗ, ಮಡಕಶಿರಾ ಕಡೆಯ ಸದಸ್ಯರಲ್ಲಿ ಟ್ರೈಪಾಡ್, ಹಳೆಯ ಲ್ಯಾಪ್‌ಟಾಪ್ ಇದ್ದವರು, ಕ್ಯಾಮೆರಾ ಕೆಲಸ ಬಲ್ಲ ಯುವಕ ಯುವತಿಯರು ಇದ್ದರೆ ದಯವಿಟ್ಟು ಸಂಘಕ್ಕೆ ಹೆಸರು ಕೊಡಿ. ವೇದಿಕೆಯ ಗಣ್ಯರ ಫೋಟೋ ಮರುದಿನ ಹಾಕಿದರೂ ನಡೆದೀತು. ಮೇಜಿನ ಮೇಲಿನ ಆ ಎರಡೂವರೆ ನಿಮಿಷ ಮಾತ್ರ ಮನೆಯಲ್ಲಿ ಕೂತ ತಾಯಿಗೆ ಆಗಲೇ ಕಾಣಬೇಕು. ಮುಂದಿನ ಸಲ ಆಕೆ ನಮ್ಮನ್ನು ಕೇಳುವಂತಾಗಬಾರದು. ತನ್ನ ಮಗಳು ಏನು ಮಾಡಿದಳೆಂದು ಆಕೆಯೇ ನಮಗೆ ಹೇಳಬೇಕು.

ಇಂತಿ,
ಕಾರ್ಯದರ್ಶಿ
ಕಣೇಕಲ್ಲು