ನರನೋವಿನ ಮಾತ್ರೆ: ಕೇಳಿ ತೆಗೆದುಕೊಳ್ಳಿ, ಕೇಳಿಯೇ ನಿಲ್ಲಿಸಿ

ಪಾದದಲ್ಲಿ ಉರಿ, ಬೆರಳುಗಳಲ್ಲಿ ಜೋಮು, ರಾತ್ರಿ ಹೊದಿಕೆ ತಾಗಿದರೂ ಸೂಜಿ ಚುಚ್ಚಿದಂಥ ನೋವು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರ ಮನೆಗಳಲ್ಲಿ ಈ ದೂರು ಹೊಸದಲ್ಲ. ಇಂಥವರಿಗೆ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಈಗ ಸಾಮಾನ್ಯವಾಗಿ ಕಾಣುವ ಹೆಸರು ಪ್ರೆಗಾಬಲಿನ್. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆ, ಕೆಲವು ಬಗೆಯ ಅಪಸ್ಮಾರಕ್ಕೆ (ಫಿಟ್ಸ್) ಬೇರೆ ಔಷಧಗಳ ಜೊತೆಗೆ, ದೀರ್ಘಕಾಲದ ಆತಂಕ ರೋಗಕ್ಕೆ ಕೂಡ ಇದನ್ನು ಕೊಡುತ್ತಾರೆ.

ಒಳ್ಳೆಯ ಔಷಧ ಇದು. ಆದರೆ ನಮ್ಮ ಮನೆಗಳಲ್ಲಿ ಇದನ್ನು ಬಳಸುವ ರೀತಿಯಲ್ಲಿ ಅಪಾಯವಿದೆ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗುತ್ತಾರೆ. ನೋವು ಹೆಚ್ಚಾದ ದಿನ ಎರಡು ನುಂಗುತ್ತಾರೆ. ರಮಝಾನ್ ಬಂತೆಂದು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ.

ಇದು ಏನು ಮಾಡುತ್ತದೆ?

ಗಾಯಗೊಂಡ ಅಥವಾ ಕೆರಳಿದ ನರಗಳು ಅಗತ್ಯಕ್ಕಿಂತ ಹೆಚ್ಚು ಸಂದೇಶಗಳನ್ನು ಮೆದುಳಿಗೆ ಕಳುಹಿಸುತ್ತಿರುತ್ತವೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ದಾರಿಯಲ್ಲಿ ಪ್ರೆಗಾಬಲಿನ್ ಕುಳಿತು ಈ ಅಬ್ಬರವನ್ನು ತಗ್ಗಿಸುತ್ತದೆ. ನೋವು, ಫಿಟ್ಸ್, ಆತಂಕ ಮೂರಕ್ಕೂ ಒಂದೇ ಔಷಧ ಉಪಯೋಗಕ್ಕೆ ಬರುವುದು ಈ ಕಾರಣದಿಂದ. ಆದರೆ ಹಾಳಾದ ನರವನ್ನು ಇದು ಸರಿಪಡಿಸುವುದಿಲ್ಲ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡದೆ ಈ ಮಾತ್ರೆಯನ್ನಷ್ಟೇ ನಂಬಿ ಕೂರುವಂತಿಲ್ಲ.

ನಮ್ಮಲ್ಲಿ ಮಾರಾಟವಾಗುವ ಹಲವು ಮಾತ್ರೆಗಳಲ್ಲಿ ಪ್ರೆಗಾಬಲಿನ್ ಜೊತೆ ಮೀಥೈಲ್‌ಕೋಬಾಲಮಿನ್ ಎಂಬ ಬಿ12 ವಿಟಮಿನ್ ಸೇರಿರುತ್ತದೆ. ಹಾಗಾಗಿ ಎಷ್ಟೋ ಜನ ಇದನ್ನು ‘ನರದ ವಿಟಮಿನ್’ ಎಂದುಕೊಂಡಿದ್ದಾರೆ. ಇಬ್ಬರು ಡಾಕ್ಟರುಗಳಿಗೆ ತೋರಿಸಿ, ಬೇರೆ ಬೇರೆ ಕಂಪೆನಿಯ ಹೆಸರಿನಲ್ಲಿ ಒಂದೇ ಔಷಧವನ್ನು ಎರಡು ಪಾಲು ನುಂಗುವ ಸಾಧ್ಯತೆಯೂ ಇದೆ. ಸ್ಟ್ರಿಪ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಯಾವ ಡಾಕ್ಟರ ಬಳಿ ಹೋದರೂ ಈಗ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನು ಜೊತೆಗೆ ಒಯ್ಯಿರಿ.

ಅಕ್ಕರೆಯಿಂದ ಕೊಟ್ಟರೂ ಹೊಣೆ ತಪ್ಪದು

“ನನಗೆ ಇದರಿಂದ ಗುಣವಾಯಿತು, ನೀನೂ ಒಂದು ನುಂಗು” ಎನ್ನುವುದು ಅಕ್ಕರೆಯ ಮಾತೇ. ಆದರೆ ವೈದ್ಯಕೀಯ ತಿಳಿವಳಿಕೆ ಇಲ್ಲದವನು ಚಿಕಿತ್ಸೆ ನೀಡಿದರೆ ಅದರಿಂದಾಗುವ ಹಾನಿಗೆ ಅವನೇ ಹೊಣೆಗಾರ ಎಂಬ ಅರ್ಥದ ಪ್ರವಾದಿವಚನವು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಈ ಮಾತ್ರೆಯ ವಿಷಯದಲ್ಲಿ ಅದು ಎಷ್ಟು ಸತ್ಯ ನೋಡಿ.

ಪ್ರೆಗಾಬಲಿನ್ ಬಹುಪಾಲು ಮೂತ್ರಪಿಂಡದ (ಕಿಡ್ನಿ) ಮೂಲಕವೇ ದೇಹದಿಂದ ಹೊರಹೋಗುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಔಷಧ ರಕ್ತದಲ್ಲಿ ಶೇಖರವಾಗುತ್ತದೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಹಳೆಯದಾದಂತೆ ಕಿಡ್ನಿಗೂ ಪೆಟ್ಟು ಬೀಳುವುದರಿಂದ, ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಮಗನಿಗೆ ಸರಿಹೋದ ಡೋಸ್ ತಾಯಿಗೆ ಅತಿಯಾಗಬಹುದು. ಗರ್ಭಿಣಿಯರು, ಮಗುವಿನ ನಿರೀಕ್ಷೆಯಲ್ಲಿರುವವರು, ಹಾಲುಣಿಸುವ ತಾಯಂದಿರು ಮೊದಲೇ ಡಾಕ್ಟರಿಗೆ ತಿಳಿಸಬೇಕು.

ನಿದ್ರೆ ಮಾತ್ರೆಗಳು, ಅಲ್ಪ್ರಜೋಲಾಂ ಮತ್ತು ಕ್ಲೋನಜೆಪಾಂನಂಥ ಆತಂಕದ ಮಾತ್ರೆಗಳು, ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳು, ಮಂಪರು ತರಿಸುವ ಕೆಮ್ಮಿನ ಸಿರಪ್ ಇವುಗಳ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಹಿರಿಯರಿಗೂ ಆಸ್ತಮಾ ಮುಂತಾದ ಶ್ವಾಸಕೋಶದ ತೊಂದರೆ ಇರುವವರಿಗೂ ಈ ಅಪಾಯ ಹೆಚ್ಚು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ವಿಶೇಷ ಎಚ್ಚರಿಕೆ ನೀಡಿತ್ತು.

ಮನೆಯವರು ಗಮನಿಸಬೇಕಾದದ್ದು

ಆರಂಭದ ದಿನಗಳಲ್ಲಿ ತಲೆಸುತ್ತು ಮತ್ತು ಮಂಪರು ಸಾಮಾನ್ಯ. ಕಣ್ಣು ಮಂಜಾಗುವುದು, ಬಾಯಿ ಒಣಗುವುದು, ಮಲಬದ್ಧತೆ, ಕಾಲು ಊತ, ತೂಕ ಹೆಚ್ಚುವುದು ಕೂಡ ಉಂಟು. ದೇಹ ಹೇಗೆ ಸ್ವೀಕರಿಸುತ್ತದೆ ಎಂದು ತಿಳಿಯುವವರೆಗೆ ಸ್ಕೂಟರ್, ಕಾರು ಓಡಿಸಬೇಡಿ. ಹಿರಿಯರು ಫಜ್ರ್‌ಗೆ ಏಳುವಾಗ ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ನಂತರ ನಿಲ್ಲಲಿ. ವುಝೂ ಮಾಡುವ ಜಾಗ ಒದ್ದೆಯಾಗಿ ಜಾರದಂತೆ ನೋಡಿಕೊಳ್ಳಿ. ಸುಜೂದ್‌ನಿಂದ ಏಳುವಾಗ ತಲೆ ತಿರುಗಿ ಬೀಳುವ ಭಯವಿದ್ದರೆ ಕುಳಿತು ನಮಾಝ್ ಮಾಡಲು ಧರ್ಮದಲ್ಲಿ ಅನುಮತಿ ಇದೆ.

ಕರೆದರೂ ಎಚ್ಚರವಾಗದಷ್ಟು ಮಂಪರು, ತೀರಾ ನಿಧಾನವಾದ ಉಸಿರು, ತುಟಿ ನೀಲಿಗಟ್ಟುವುದು, ಮುಖ ಅಥವಾ ನಾಲಿಗೆ ಊದಿಕೊಳ್ಳುವುದು ಕಂಡರೆ ಕಾಯಬೇಡಿ, ಕೂಡಲೇ 108ಕ್ಕೆ ಕರೆಮಾಡಿ. ಕೆಲವರಲ್ಲಿ, ಅಪರೂಪಕ್ಕೆ, ಮನಸ್ಸು ತೀರಾ ಕುಗ್ಗಿ ಸಾಯುವ ಯೋಚನೆ ಬರಬಹುದು. ಅದನ್ನು ಈಮಾನಿನ ಕೊರತೆ ಎಂದು ಗದರಿಸಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಡಾಕ್ಟರಿಗೆ ತಿಳಿಸಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು.

ಇದು ಮಾದಕ ವಸ್ತುವೇ?

ಡಾಕ್ಟರು ಹೇಳಿದ ಪ್ರಮಾಣದಲ್ಲಿ, ಹೇಳಿದ ಕಾಯಿಲೆಗೆ ತೆಗೆದುಕೊಂಡರೆ ಇದು ಚಿಕಿತ್ಸೆ. ಮತ್ತು ಬರಲೆಂದು ಹೆಚ್ಚು ನುಂಗಿದರೆ ಅದು ನಶೆ, ಧರ್ಮದಲ್ಲಿ ನಿಷಿದ್ಧ. ಎರಡನ್ನೂ ಬೆರೆಸಬಾರದು. ದುರುಪಯೋಗ ನಡೆಯುತ್ತಿರುವುದು ನಿಜ. ಬ್ರಿಟನ್ 2019ರ ಏಪ್ರಿಲ್‌ನಲ್ಲಿ ಇದನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು. ಹರೆಯದ ಮಕ್ಕಳಿರುವ ಮನೆಗಳಲ್ಲಿ ಸ್ಟ್ರಿಪ್‌ಗಳನ್ನು ಎಣಿಸಿ ಬೀಗದೊಳಗೆ ಇಡುವುದು ಒಳ್ಳೆಯದು.

ಗಲ್ಫ್‌ನಲ್ಲಿ ದುಡಿಯುವವರು ಮತ್ತು ಉಮ್ರಾ, ಹಜ್ಜ್‌ಗೆ ಹೊರಟವರು ಇಲ್ಲಿ ವಿಶೇಷ ಗಮನ ಕೊಡಬೇಕು. ಸೌದಿ ಅರೇಬಿಯಾ ಮತ್ತು ಯುಎಇಯಲ್ಲಿ ಪ್ರೆಗಾಬಲಿನ್ ನಿಯಂತ್ರಿತ ಔಷಧ. ಅಲ್ಲಿಗೆ ಒಯ್ಯಬೇಕಾದರೆ ಮುಂಚಿತವಾಗಿ ಆ ದೇಶದ ಅನುಮತಿಯ ನಿಯಮ ತಿಳಿದುಕೊಂಡು, ಡಾಕ್ಟರ ಚೀಟಿ ಮತ್ತು ವರದಿಯೊಂದಿಗೆ, ಸ್ವಂತಕ್ಕೆ ಬೇಕಾದಷ್ಟನ್ನು ಮಾತ್ರ ಮೂಲ ಪ್ಯಾಕಿಂಗ್‌ನಲ್ಲೇ ಒಯ್ಯಿರಿ. “ಅಲ್ಲಿರುವ ಅಣ್ಣನಿಗೆ ಈ ಮಾತ್ರೆ ಕೊಟ್ಟುಬಿಡಿ” ಎಂದು ಯಾರಾದರೂ ಪೊಟ್ಟಣ ಕೊಟ್ಟರೆ, ಸಂಕೋಚ ಬಿಟ್ಟು ಬೇಡ ಎನ್ನಿ. ವಿಮಾನ ನಿಲ್ದಾಣದಲ್ಲಿ ಅದು ಯಾರ ಚೀಲದಲ್ಲಿದೆಯೋ ಅವರೇ ಉತ್ತರ ಹೇಳಬೇಕಾಗುತ್ತದೆ.

ಕ್ಯಾಪ್ಸೂಲ್‌ನ ಕವಚ ಜೆಲಾಟಿನ್‌ನದ್ದು ಎಂಬ ಅಳುಕು ಕೆಲವರಿಗಿದೆ. ಹಾಗೆಂದು ಔಷಧ ಬಿಡಬೇಡಿ. ಮಾತ್ರೆಯ ರೂಪದಲ್ಲೂ ಇದು ಸಿಗುತ್ತದೆ, ಡಾಕ್ಟರ ಬಳಿ ಕೇಳಿ. ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿಯದೆ, ಜಗಿಯದೆ ನುಂಗಬೇಕು.

ಉಪವಾಸದ ದಿನಗಳಲ್ಲಿ

ಈ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ನಿದ್ರೆಗೇಡು, ತಲೆನೋವು, ವಾಕರಿಕೆ, ಬೆವರು, ಭೇದಿ, ಗಾಬರಿ ಕಾಣಿಸಿಕೊಳ್ಳಬಹುದು. ಅಪಸ್ಮಾರ ಇರುವವರಿಗೆ ಫಿಟ್ಸ್ ಮರುಕಳಿಸಬಹುದು. ನೋವು ಪೂರ್ತಿ ಹೋಗಿದ್ದರೂ ಡಾಕ್ಟರು ಹೇಳಿದಂತೆ, ಕನಿಷ್ಠ ಒಂದು ವಾರದ ಅವಧಿಯಲ್ಲಿ ಹಂತ ಹಂತವಾಗಿ ಇಳಿಸಬೇಕು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಡೋಸ್ ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ನುಂಗಬೇಡಿ.

ಪ್ರೆಗಾಬಲಿನ್ ಅನ್ನು ಊಟದ ಮೊದಲು ಅಥವಾ ನಂತರ ತೆಗೆದುಕೊಳ್ಳಬಹುದು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮಾತ್ರ ಊಟದ ನಂತರ ಕೊಡುತ್ತಾರೆ. ದಿನಕ್ಕೆರಡು ಬಾರಿ ತೆಗೆದುಕೊಳ್ಳುವವರಿಗೆ ಸಹರಿ ಮತ್ತು ಇಫ್ತಾರ್ ವೇಳೆ ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು. ದಿನಕ್ಕೆ ಮೂರು ಬಾರಿ ಇದ್ದರೆ ಎರಡಕ್ಕೆ ಹೊಂದಿಸಬಹುದೇ ಎಂದು ತೀರ್ಮಾನಿಸಬೇಕಾದವರು ಡಾಕ್ಟರು. ಅಪಸ್ಮಾರದವರಿಗೆ ನಿದ್ರೆಗೇಡೇ ಫಿಟ್ಸ್‌ಗೆ ಕಾರಣವಾಗಬಲ್ಲದು. ತರಾವೀಹ್ ಮತ್ತು ಸಹರಿಯ ನಡುವೆ ನಿದ್ರೆ ಎಷ್ಟು ಸಿಗುತ್ತದೆ ಎಂಬುದನ್ನೂ ಅವರಿಗೆ ಹೇಳಿ. ಶಾಬಾನ್ ತಿಂಗಳಲ್ಲೇ ಈ ಮಾತುಕತೆ ಮುಗಿಯಲಿ.

ಉಪವಾಸ ಬೇಡ ಎಂದು ಡಾಕ್ಟರು ಹೇಳಿದರೆ ಬೇಸರ ಪಡಬೇಡಿ. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರ್ತಿಗೊಳಿಸುವ ರಿಯಾಯಿತಿಯನ್ನು ಅಲ್ ಬಕರ ಅಧ್ಯಾಯದಲ್ಲಿ ಅಲ್ಲಾಹನೇ ನೀಡಿದ್ದಾನೆ. ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದರೆ ಫಿದ್ಯಾದ ಬಗ್ಗೆ ನಿಮ್ಮ ಜಮಾಅತಿನ ಉಸ್ತಾದರನ್ನು ಕೇಳಿರಿ.

ತಲೆಗೆ ಗಾಯವಾಗಿದ್ದ ಒಬ್ಬರಿಗೆ ಜೊತೆಗಾರರು ರಿಯಾಯಿತಿ ಇಲ್ಲವೆಂದು ಹೇಳಿ ಸ್ನಾನ ಮಾಡಿಸಿದರು, ಅವರು ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ)ರು ಬಹಳ ಕೋಪಗೊಂಡರು. ಗೊತ್ತಿಲ್ಲದಿದ್ದರೆ ಅವರು ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂಬುದು ಅವರ ಮಾತಿನ ಸಾರ. ಡೋಸ್ ಬದಲಿಸುವ ಮುನ್ನ ಡಾಕ್ಟರನ್ನು ಕೇಳಿ, ಉಪವಾಸದ ವಿಧಿಗೆ ಉಲಮಾಗಳನ್ನು ಕೇಳಿ. ನಮ್ಮ ರೋಗಿಗಳಿಗೆಲ್ಲ ಅಲ್ಲಾಹನು ಶಿಫಾ ನೀಡಲಿ, ಆಮೀನ್.