ಇವನು ಅವನಲ್ಲ

ಮಕ್ಕಳೇ, ನೀವು ಹೊಸೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಾಗಲೂರಿಗೆ ಹೋಗುವ ಬಸ್ಸಿನ ಪಕ್ಕದಲ್ಲಿ ನಿಮ್ಮ ಸೋದರಮಾವ ಆ ಕಡೆಗೆ ಮುಖ ಮಾಡಿ ನಿಂತಿದ್ದಾರೆ. ಅದೇ ಎತ್ತರ, ಅದೇ ಬಣ್ಣದ ಅಂಗಿ, ಹೆಗಲ ಮೇಲೆ ಅದೇ ಟವೆಲು. "ಮಾವಾ!" ಎಂದು ಓಡಿಹೋಗಿ ಕೈ ಹಿಡಿಯುತ್ತೀರಿ. ಅವರು ತಿರುಗಿ ನೋಡುತ್ತಾರೆ. ಯಾರೋ ಬೇರೆಯವರು! ನಿಮಗೆ ನಾಚಿಕೆ. ಸುತ್ತಲಿದ್ದವರಿಗೆ ನಗು.

ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ಈ ತಪ್ಪನ್ನೇ ಇಟ್ಟುಕೊಂಡು ಇಂಗ್ಲೆಂಡಿನ ವಿಲಿಯಂ ಷೇಕ್ಸ್‌ಪಿಯರ್ ಒಂದು ಇಡೀ ನಾಟಕವನ್ನೇ ಬರೆದರು. ಅದರ ಹೆಸರು 'ದಿ ಕಾಮಿಡಿ ಆಫ್ ಎರರ್ಸ್'. ಎಂದರೆ, ತಪ್ಪುಗಳಿಂದ ಹುಟ್ಟಿದ ನಗೆನಾಟಕ. 1594ರ ಡಿಸೆಂಬರ್ ತಿಂಗಳಲ್ಲಿ ಅದನ್ನು ಲಂಡನ್ನಿನಲ್ಲಿ ಆಡಿದರು. ಷೇಕ್ಸ್‌ಪಿಯರರ ಮನೆಯಲ್ಲಿಯೂ ಅವಳಿ ಮಕ್ಕಳಿದ್ದರು. 1585ರಲ್ಲಿ ಹುಟ್ಟಿದ ಮಗನ ಹೆಸರು ಹ್ಯಾಮ್‌ನೆಟ್, ಮಗಳ ಹೆಸರು ಜೂಡಿತ್.

ನಾಟಕದ ಕಥೆ ಹೀಗಿದೆ. ಸಿರಾಕ್ಯೂಸ್ ಎಂಬ ಊರಿನಲ್ಲಿ ಈಜಿಯನ್ ಎಂಬ ವರ್ತಕನಿದ್ದನು. ಅವನಿಗೆ ಇಬ್ಬರು ಅವಳಿ ಗಂಡುಮಕ್ಕಳು. ಅವರ ಸೇವೆಗೆಂದು ಬೆಳೆಸಿದ ಹುಡುಗರೂ ಅವಳಿಗಳೇ. ಮಕ್ಕಳು ಚಿಕ್ಕವರಾಗಿದ್ದಾಗ ಸಮುದ್ರದಲ್ಲಿ ಬಿರುಗಾಳಿ ಎದ್ದು ಹಡಗು ಒಡೆಯಿತು. ತಂದೆಯ ಜೊತೆ ಒಬ್ಬ ಮಗ, ಒಬ್ಬ ಸೇವಕ ಉಳಿದರು. ತಾಯಿ ಎಮಿಲಿಯಾ, ಇನ್ನೊಬ್ಬ ಮಗ, ಇನ್ನೊಬ್ಬ ಸೇವಕ ಎಲ್ಲಿ ಹೋದರೋ ತಿಳಿಯಲಿಲ್ಲ. ಎರಡೂ ಕಡೆಯ ಮಕ್ಕಳ ಹೆಸರು ಅಂಟಿಫೊಲಸ್. ಇಬ್ಬರು ಸೇವಕರ ಹೆಸರೂ ಡ್ರೋಮಿಯೊ. ಒಂದೇ ಹೆಸರು ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಷೇಕ್ಸ್‌ಪಿಯರ್ ಅದನ್ನು ಸರಿಯಾಗಿ ಬಿಡಿಸಿ ಹೇಳಿಲ್ಲ!

ತಂದೆಯ ಬಳಿ ಬೆಳೆದ ಅಂಟಿಫೊಲಸ್ ಹದಿನೆಂಟು ವರ್ಷದವನಾದಾಗ ಅಣ್ಣನನ್ನು ಹುಡುಕಲು ತನ್ನ ಡ್ರೋಮಿಯೊನೊಡನೆ ಹೊರಟನು. ಎಷ್ಟು ಕಾಲವಾದರೂ ಅವನು ತಿರುಗಿ ಬರಲಿಲ್ಲ. ಅವನನ್ನು ಹುಡುಕುತ್ತಾ ತಂದೆಯೂ ಹೊರಟನು. ಐದು ವರ್ಷ ಅಲೆದು ಎಫೆಸಸ್ ಎಂಬ ಪಟ್ಟಣಕ್ಕೆ ಬಂದನು. ಈ ಎರಡು ಊರುಗಳಿಗೆ ಹಗೆತನವಿತ್ತು. ಸಿರಾಕ್ಯೂಸಿನವರು ಎಫೆಸಸ್ಸಿನಲ್ಲಿ ಸಿಕ್ಕಿಬಿದ್ದರೆ ಮರಣದಂಡನೆ. ಇಲ್ಲವಾದರೆ ಸಾವಿರ ಮಾರ್ಕು ದಂಡ ಕಟ್ಟಬೇಕು. ಮಾರ್ಕು ಎಂದರೆ ಆಗಿನ ಹಣದ ಲೆಕ್ಕ, ಪರೀಕ್ಷೆಯ ಮಾರ್ಕಲ್ಲ. ಅಷ್ಟು ಹಣ ಮುದುಕನಲ್ಲಿ ಇರಲಿಲ್ಲ. ಅಲ್ಲಿನ ದೊರೆ ಮರುಗಿ, ಸಂಜೆಯವರೆಗೆ ಗಡುವು ಕೊಟ್ಟನು.

ಆ ದಿನವೇ ಅವನ ಮಗನೂ ಅದೇ ಊರಿಗೆ ಬಂದಿದ್ದನು. ಕಳೆದುಹೋಗಿದ್ದ ಇನ್ನೊಬ್ಬ ಮಗ ಆ ಊರಿನಲ್ಲಿಯೇ ಮನೆ ಮಾಡಿಕೊಂಡಿದ್ದನು. ಇದು ಯಾರಿಗೂ ಗೊತ್ತಿಲ್ಲ. ನೋಡುವ ನಮಗೆ ಮಾತ್ರ ಗೊತ್ತು.

ಹೊಸಬ ಅಂಟಿಫೊಲಸ್ ತನ್ನ ಸೇವಕನ ಕೈಗೆ ಹಣ ಕೊಟ್ಟು ಛತ್ರಕ್ಕೆ ಕಳುಹಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಊರಿನ ಡ್ರೋಮಿಯೊ ಬಂದು, ಊಟ ಆರುತ್ತಿದೆ, ಅಮ್ಮಾವರು ಕಾಯುತ್ತಿದ್ದಾರೆ ಎನ್ನುತ್ತಾನೆ. ಹಣವೆಲ್ಲಿ ಎಂದು ಇವನು ಕೇಳಿದರೆ, ಯಾವ ಹಣ ಎಂದು ಅವನು ಕೇಳುತ್ತಾನೆ. ಬೀಳುತ್ತವೆ ಏಟುಗಳು! ಮುಂದೆ ಅಣ್ಣನ ಹೆಂಡತಿ ತಮ್ಮನನ್ನೇ ಗಂಡನೆಂದು ತಿಳಿದು ಮನೆಗೆ ಕರೆದು ಊಟಕ್ಕೆ ಕೂರಿಸುತ್ತಾಳೆ. ನಿಜವಾದ ಯಜಮಾನ ಬಂದು ಬಾಗಿಲು ಬಡಿದರೆ ಒಳಗಿನಿಂದ ಯಾರೂ ತೆಗೆಯುವುದಿಲ್ಲ. ಅಕ್ಕಸಾಲಿ ಚಿನ್ನದ ಸರವನ್ನು ತಮ್ಮನಿಗೆ ಕೊಟ್ಟು ಹಣವನ್ನು ಅಣ್ಣನಲ್ಲಿ ಕೇಳುತ್ತಾನೆ. ಕೊನೆಗೆ ಅಣ್ಣನಿಗೆ ಹುಚ್ಚು ಹಿಡಿದಿದೆ ಎಂದು ಅವನನ್ನು ಕಟ್ಟಿಯೇ ಹಾಕುತ್ತಾರೆ. ಇಬ್ಬರಿದ್ದಾರೆ ಎಂಬ ಗುಟ್ಟು ನಮಗೆ ಮೊದಲೇ ತಿಳಿದಿರುವುದರಿಂದ ನಾವು ನಗುತ್ತೇವೆ. ತಿಳಿಯದಿದ್ದರೆ ನಮಗೂ ತಲೆ ಕೆಡುತ್ತಿತ್ತು. ಆದರೆ ಪಾಪ, ಡ್ರೋಮಿಯೊಗಳು ತಿನ್ನುವ ಪೆಟ್ಟು ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ.

ಈ ಕಥೆ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು. ಆಗ ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಲ್ಲಿನ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಕನ್ನಡದ ಮಕ್ಕಳು ಕನ್ನಡದಲ್ಲಿಯೇ ಕಲಿಯಬೇಕೆಂದು ದುಡಿದವರು ವಿದ್ಯಾ ಇಲಾಖೆಯಲ್ಲಿದ್ದ ಡೆಪ್ಯೂಟಿ ಚನ್ನಬಸಪ್ಪನವರು. ಶಾಲೆ ತೆರೆದರೆ ಸಾಲದು, ಓದಲು ಪುಸ್ತಕವೂ ಬೇಕಲ್ಲವೇ? 1871ರಲ್ಲಿ ಅವರು ಈ ನಾಟಕದ ಕಥೆಯನ್ನು ಕನ್ನಡಕ್ಕೆ ತಂದು 'ನಗದವರನ್ನು ನಗಿಸುವ ಕಥೆ' ಎಂದು ಹೆಸರಿಟ್ಟರು. ಎಷ್ಟು ಸೊಗಸಾದ ಹೆಸರು! ಬಂಗಾಳಿಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಇದನ್ನೇ 'ಭ್ರಾಂತಿವಿಲಾಸ'ವೆಂದು ಬರೆದಿದ್ದರು. ಅದನ್ನು ಬಿ. ವೆಂಕಟಾಚಾರ್ಯರು ಕನ್ನಡಿಸಿದರು. 1997ರಲ್ಲಿ ಬಂದ 'ಉಲ್ಟಾ ಪಲ್ಟಾ' ಕನ್ನಡ ಚಲನಚಿತ್ರಕ್ಕೂ ಇದೇ ಕಥೆ ಮೂಲ.

ಅವಳಿಗಳು ಬೇಕೆಂದು ಯಾರನ್ನೂ ಏಮಾರಿಸುವುದಿಲ್ಲ. ಬೇಕೆಂದೇ ಗುರುತು ಮರೆಸಿಕೊಳ್ಳುವುದು ವೇಷ. ಷೇಕ್ಸ್‌ಪಿಯರರ 'ಟ್ವೆಲ್ಫ್ತ್ ನೈಟ್' ನಾಟಕದಲ್ಲಿ ವಯೋಲಾ ಎಂಬ ಹುಡುಗಿ ಗಂಡುವೇಷ ಹಾಕುತ್ತಾಳೆ. ಆಗ ಇಂಗ್ಲೆಂಡಿನ ರಂಗದ ಮೇಲೆ ಹೆಂಗಸರ ಪಾತ್ರವನ್ನು ಹುಡುಗರೇ ಮಾಡುತ್ತಿದ್ದರು. ಆದ್ದರಿಂದ ಅಲ್ಲಿ ಹುಡುಗನೊಬ್ಬ ಹುಡುಗಿಯಾಗಿ, ಆ ಹುಡುಗಿ ಮತ್ತೆ ಹುಡುಗನಾಗಬೇಕಾಗಿತ್ತು!

ವೇಷದ ಕಥೆಗೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹಳ್ಳಿಗಳಲ್ಲಿ ದ್ರೌಪದಮ್ಮನ ಹಬ್ಬಕ್ಕೆ ರಾತ್ರಿಯೆಲ್ಲಾ ಮಹಾಭಾರತದ ಆಟ ಆಡುತ್ತಾರೆ. ತಮಿಳಿನಲ್ಲಿ ಅದಕ್ಕೆ ತೆರುಕೂತ್ತು ಎಂದು ಹೆಸರು. ವಿರಾಟಪರ್ವದಲ್ಲಿ ಪಾಂಡವರು ಒಂದು ವರ್ಷ ಅಜ್ಞಾತವಾಸದಲ್ಲಿರುತ್ತಾರೆ. ಭೀಮ ಅಡಿಗೆಯವನು, ಅರ್ಜುನ ನಾಟ್ಯ ಕಲಿಸುವ ಬೃಹನ್ನಳೆ. ಉತ್ತರಕುಮಾರ ಹೆದರಿ ರಥದಿಂದ ಹಾರಿ ಓಡುವಾಗ ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿದು ತರುತ್ತಾಳೆ. ಅವಳೇ ಅರ್ಜುನನೆಂಬುದು ನಮಗೆ ಗೊತ್ತು, ಕುಮಾರನಿಗೆ ಗೊತ್ತಿಲ್ಲ. ಇಲ್ಲಿಯ ನಗುವೂ ಅಲ್ಲಿಯದೇ. ಆದರೆ ಪಾಂಡವರ ಗುರುತು ಗಡುವಿನೊಳಗೆ ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಕಾಡು. ಈಜಿಯನ್ನನಿಗೋ ಗುರುತು ಸಿಕ್ಕದಿದ್ದರೆ ಸಾವು.

ಅವನನ್ನು ನಾವು ಮರೆತೇಬಿಟ್ಟೆವಲ್ಲ! ಸಂಜೆಯಾಯಿತು. ಭಟರು ಅವನನ್ನು ಕರೆದೊಯ್ಯುತ್ತಿದ್ದಾರೆ. ದಾರಿಯಲ್ಲಿ ಅಂಟಿಫೊಲಸ್ ನಿಂತಿದ್ದಾನೆ. ಮಗ ಸಿಕ್ಕಿದನೆಂದು ಮುದುಕ ಸಂತೋಷದಿಂದ ಕೂಗುತ್ತಾನೆ. ಆದರೆ ಅವನು, ನೀವು ಯಾರೋ ನಾನರಿಯೆ, ನನ್ನ ತಂದೆಯನ್ನು ನಾನು ಕಂಡೇ ಇಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನು ಎಫೆಸಸ್ಸಿನಲ್ಲಿ ಬೆಳೆದ ಮಗ. ಹೆತ್ತ ತಂದೆಗೇ ಗುರುತು ತಪ್ಪಿತು! ಅಷ್ಟು ಹೊತ್ತು ನಗುತ್ತಿದ್ದವರೂ ಇಲ್ಲಿ ಸುಮ್ಮನಾಗುತ್ತಾರೆ.

ಅಷ್ಟರಲ್ಲಿ ಪಕ್ಕದ ಮಠದಿಂದ ಅಲ್ಲಿಯ ಹಿರಿಯ ಸನ್ಯಾಸಿನಿ ಹೊರಗೆ ಬರುತ್ತಾಳೆ. ಜೊತೆಯಲ್ಲಿ ಇನ್ನೊಬ್ಬ ಅಂಟಿಫೊಲಸ್, ಇನ್ನೊಬ್ಬ ಡ್ರೋಮಿಯೊ! ಎದುರುಬದುರು ಇಬ್ಬಿಬ್ಬರು ನಿಂತಾಗ ಎಲ್ಲವೂ ತಿಳಿಯಾಗುತ್ತದೆ. ಆ ಸನ್ಯಾಸಿನಿಯೇ ಎಮಿಲಿಯಾ. ದೊರೆ ದಂಡವನ್ನೂ ಕೇಳದೆ ಈಜಿಯನ್ನನನ್ನು ಬಿಡುತ್ತಾನೆ. ಎಲ್ಲರೂ ಊಟಕ್ಕೆ ಒಳಗೆ ಹೋದ ಮೇಲೆ ಡ್ರೋಮಿಯೊಗಳಿಬ್ಬರೇ ಬಾಗಿಲಲ್ಲಿ ಉಳಿಯುತ್ತಾರೆ. ಯಾರು ದೊಡ್ಡವನು, ಯಾರು ಮೊದಲು ಒಳಗೆ ಹೋಗಬೇಕು ಎಂದು ಅವರಲ್ಲಿ ಚರ್ಚೆ. ಅದು ತೀರುವುದೇ ಇಲ್ಲ. ಕೊನೆಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಒಟ್ಟಿಗೇ ಒಳಗೆ ಹೋಗುತ್ತಾರೆ.