ಮಂಡಿಚಿಪ್ಪು ಪದೇ ಪದೇ ಜಾರುತ್ತಿದೆಯೇ? 'ನೀ ಕ್ಯಾಪ್' ಕೊಳ್ಳುವ ಮುನ್ನ ಇದನ್ನು ತಿಳಿದುಕೊಳ್ಳಿ

ಮೆಡಿಕಲ್ ಶಾಪ್‌ಗೆ ಹೋಗಿ 'ಒಂದು ನೀ ಕ್ಯಾಪ್ ಕೊಡಿ' ಎಂದರೆ ಅಂಗಡಿಯವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಮೀಡಿಯಮ್ಮೋ, ಲಾರ್ಜೋ? ಮಂಡಿಗೆ ಏನಾಗಿದೆ ಎಂದು ಕೇಳುವವರು ಅಪರೂಪ. ಹೀಗಾಗಿ ಮಂಡಿ ಸವೆದ ಅಜ್ಜಿಗೂ, ಕಬಡ್ಡಿ ಆಡುವಾಗ ಚಿಪ್ಪು ಜಾರಿದ ಕಾಲೇಜು ಹುಡುಗನಿಗೂ ಅದೇ ಕೊಳವೆಯಂಥ ಎಲಾಸ್ಟಿಕ್ ಬಟ್ಟೆ ಸಿಗುತ್ತದೆ. ಅಜ್ಜಿಗೆ ಅದರಿಂದ ಸ್ವಲ್ಪ ಹಿತವೆನಿಸಬಹುದು. ಹುಡುಗನಿಗೆ ಅದು ಬಹುಮಟ್ಟಿಗೆ ನಿಷ್ಪ್ರಯೋಜಕ. ಅದಕ್ಕಿಂತ ಅಪಾಯದ ಮಾತೆಂದರೆ, ಕಾಲಿಗೆ ಏನೋ ಹಾಕಿಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಆತ ಮರುವಾರವೇ ಮೈದಾನಕ್ಕೆ ಇಳಿಯುತ್ತಾನೆ.

ಚಿಪ್ಪು ಜಾರುವ ಸಮಸ್ಯೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಮನೆಯವರು ಇದನ್ನು 'ಕಾಲು ಉಳುಕಿದೆ' ಎಂದು ತಿಳಿದು ಎಣ್ಣೆ ಹಚ್ಚಿ ಸುಮ್ಮನಾಗುವುದೂ ಉಂಟು. ಬ್ರೇಸ್ ಆರಿಸುವ ಮುನ್ನ ಚಿಪ್ಪು ಯಾಕೆ ಜಾರುತ್ತದೆ ಎಂಬುದು ಅರ್ಥವಾಗಬೇಕು.

ಜಾರುವುದು ಎಲ್ಲಿ, ಯಾವಾಗ?

ತೊಡೆಮೂಳೆಯ ಕೆಳತುದಿಯಲ್ಲಿ ಒಂದು ತೋಡು ಇದೆ. ಮಂಡಿ ಮಡಚಿ ಬಿಡಿಸುವಾಗ ಚಿಪ್ಪು ಈ ತೋಡಿನಲ್ಲಿ, ಹಳಿಯ ಮೇಲಿನ ಗಾಲಿಯಂತೆ ಮೇಲೆ ಕೆಳಗೆ ಸರಿಯುತ್ತದೆ. ಮಂಡಿ ಚೆನ್ನಾಗಿ ಮಡಚಿದಾಗ ಚಿಪ್ಪು ತೋಡಿನ ಆಳದಲ್ಲಿ ಕುಳಿತಿರುತ್ತದೆ, ಜಾರುವ ಭಯ ಕಡಿಮೆ. ತೊಂದರೆ ಇರುವುದು ಕಾಲು ಬಹುತೇಕ ನೇರವಾಗಿದ್ದಾಗ, ಅಂದರೆ ಮಡಚುವಿಕೆಯ ಮೊದಲ 20ರಿಂದ 30 ಡಿಗ್ರಿಯಲ್ಲಿ. ಆಗ ಚಿಪ್ಪು ಇನ್ನೂ ತೋಡಿನೊಳಗೆ ಸರಿಯಾಗಿ ಇಳಿದಿರುವುದಿಲ್ಲ. ಅದನ್ನು ಒಳಬದಿಯಿಂದ ಹಿಡಿದಿಡುವ ಮುಖ್ಯ ಲಿಗಮೆಂಟ್‌ಗೆ ವೈದ್ಯರು ಎಂಪಿಎಫ್‌ಎಲ್ ಎನ್ನುತ್ತಾರೆ. ಪಾದ ನೆಲಕ್ಕೆ ಊರಿರುವಾಗಲೇ ಮೈ ತಿರುಗಿಸಿದರೆ, ಉದಾಹರಣೆಗೆ ಕಬಡ್ಡಿಯಲ್ಲಿ ರೇಡರ್ ಥಟ್ಟನೆ ಹಿಂದಿರುಗುವಾಗ ಅಥವಾ ಎರಡನೇ ರನ್‌ಗೆ ಬ್ಯಾಟರ್ ತಿರುಗುವಾಗ, ಚಿಪ್ಪು ಹೊರಬದಿಗೆ ಹಾರಬಹುದು. ಮೊದಲ ಸಲ ಹೀಗಾದಾಗ ಹೆಚ್ಚಿನವರಲ್ಲಿ ಈ ಲಿಗಮೆಂಟ್ ಹರಿಯುತ್ತದೆ ಅಥವಾ ಸಡಿಲವಾಗುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲವಲ್ಲ ಎಂಬ ಪ್ರಶ್ನೆ ಸಹಜ. ಕೆಲವರಲ್ಲಿ ಹುಟ್ಟಿನಿಂದಲೇ ತೋಡಿಗೆ ಆಳ ಕಡಿಮೆ. ಫ್ರಾನ್ಸ್‌ನ ಮೂಳೆ ಶಸ್ತ್ರವೈದ್ಯ ಆನ್ರಿ ದೆಜೂರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರ. ತೋಡು ಚಪ್ಪಟೆಯಾಗಿರುವುದು, ಚಿಪ್ಪು ಇರಬೇಕಾದ್ದಕ್ಕಿಂತ ಮೇಲಿರುವುದು, ಚಿಪ್ಪನ್ನು ಎಳೆಯುವ ಸ್ನಾಯುರಜ್ಜು ಕೆಳಗಿನ ಮೂಳೆಗೆ ತುಸು ಹೊರಬದಿಯಲ್ಲಿ ಅಂಟಿರುವುದು ಅವರು ಗುರುತಿಸಿದ ಕಾರಣಗಳಲ್ಲಿ ಮುಖ್ಯವಾದವು. ಮೈಯ ಕೀಲುಗಳೆಲ್ಲ ಸಡಿಲವಿರುವವರಿಗೂ, ಅಂದರೆ ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ತಾಗಿಸಬಲ್ಲಂಥವರಿಗೂ, ಅಪಾಯ ಹೆಚ್ಚು. ಇವೆಲ್ಲ ಒಳಗಿನ ಮೂಳೆ ಮತ್ತು ಲಿಗಮೆಂಟ್‌ಗಳ ರಚನೆಗೆ ಸೇರಿದ್ದು. ಹೊರಗಿನಿಂದ ಕಟ್ಟುವ ಯಾವ ಬ್ರೇಸ್ ಕೂಡ ಅದನ್ನು ಬದಲಿಸುವುದಿಲ್ಲ.

ಅಂಗಡಿಯಲ್ಲಿ ಸಿಗುವುದರಲ್ಲಿ ಯಾವುದು ಬೇಕು?

ತೂತಿಲ್ಲದ ಸಾದಾ ನೀ ಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ, ಸುತ್ತ ಹಗುರವಾಗಿ ಒತ್ತುತ್ತದೆ. ಚಿಪ್ಪನ್ನು ಪಕ್ಕದಿಂದ ತಡೆಯುವ ಭಾಗವೇ ಅದರಲ್ಲಿಲ್ಲ. ಚಿಪ್ಪಿನ ಜಾಗದಲ್ಲಿ ದುಂಡನೆಯ ತೂತಿರುವ ಸ್ಲೀವ್ ಅದಕ್ಕಿಂತ ಒಂದು ಹೆಜ್ಜೆ ಮೇಲು, ಚಿಪ್ಪಿನ ಮೇಲೆ ನೇರ ಒತ್ತಡ ಬೀಳುವುದಿಲ್ಲ. ಆದರೆ ಜಾರುವ ಚಿಪ್ಪಿಗೆಂದೇ ಮಾಡಿದ ಬ್ರೇಸ್‌ನಲ್ಲಿ ತೂತಿನ ಅಂಚಿಗೆ, ಮಂಡಿಯ ಹೊರಬದಿಯಲ್ಲಿ, ದಪ್ಪನೆಯ ಒಂದು ಮೆತ್ತೆ ಇರುತ್ತದೆ. ಇದು ಅರ್ಧಚಂದ್ರದಂತೆ ಅಥವಾ ಇಂಗ್ಲಿಷಿನ 'ಜೆ' ಅಕ್ಷರದಂತೆ ಇರುತ್ತದೆ. ಜೊತೆಗೆ ಆ ಮೆತ್ತೆಯನ್ನು ಒಳಬದಿಗೆ ಎಳೆದು ಕಟ್ಟುವ ವೆಲ್ಕ್ರೋ ಪಟ್ಟಿಗಳು. ಅಂಗಡಿಯಲ್ಲಿ 'ಪಟೆಲ್ಲಾ ಸ್ಟೆಬಿಲೈಜರ್' ಎಂದು ಕೇಳಿ, ಮೆತ್ತೆ ನಿಜವಾಗಿ ಇದೆಯೇ ಎಂದು ಮುಟ್ಟಿ ನೋಡಿ. ಅದೇ ಹೆಸರಿನಲ್ಲಿ ಬರೀ ತೂತಿನ ಸ್ಲೀವ್ ಮಾರುವುದೂ ಇದೆ.

ಚಿಪ್ಪಿನ ಕೆಳಗೆ ಕಟ್ಟುವ ಸಪೂರ ಪಟ್ಟಿ ನೋಡಲು ಚಂದ, ಬೆಲೆಯೂ ಕಡಿಮೆ. ಆದರೆ ಅದು ಜಿಗಿಯುವ ಆಟಗಾರರಲ್ಲಿ ಬರುವ ಸ್ನಾಯುರಜ್ಜು ನೋವಿಗೆ ಹೊರತು ಜಾರುವ ಚಿಪ್ಪಿಗಲ್ಲ. ಎರಡೂ ಬದಿ ಲೋಹದ ಕೀಲುಪಟ್ಟಿಗಳಿರುವ ದೊಡ್ಡ ಬ್ರೇಸ್ ಕಂಡರೆ 'ಇದೇ ಗಟ್ಟಿ, ಇದೇ ಒಳ್ಳೆಯದು' ಎನಿಸುತ್ತದೆ. ಅದರ ಮುಖ್ಯ ಕೆಲಸ ಮಂಡಿಯ ಪಕ್ಕದ ಹಾಗೂ ಒಳಗಿನ ಲಿಗಮೆಂಟ್‌ಗಳಿಗೆ ಆಸರೆ ಕೊಡುವುದು. ಚಿಪ್ಪಿನ ಮೆತ್ತೆ ಇಲ್ಲದಿದ್ದರೆ ಎಷ್ಟು ಕೀಲುಪಟ್ಟಿ ಇದ್ದರೂ ಚಿಪ್ಪು ತನ್ನ ಪಾಡಿಗೆ ಹೊರಗೆ ಸರಿಯಬಲ್ಲದು. ಇನ್ನು ತೊಡೆಯಿಂದ ಮೀನಖಂಡದವರೆಗೆ ಕಾಲನ್ನು ನೇರವಾಗಿ ಹಿಡಿದಿಡುವ ಉದ್ದನೆಯ ಇಮ್ಮೊಬಿಲೈಜರ್ ಬೇಕಾಗುವುದು ಚಿಪ್ಪು ಜಾರಿದ ಮೊದಲ ದಿನಗಳಲ್ಲಿ, ಅದೂ ವೈದ್ಯರು ಹೇಳಿದಷ್ಟು ದಿನ ಮಾತ್ರ. ಕಾಲು ಅಲ್ಲಾಡಿಸದೆ ವಾರಗಟ್ಟಲೆ ಇಟ್ಟರೆ ತೊಡೆಯ ಸ್ನಾಯು ಕರಗುತ್ತದೆ, ಚಿಪ್ಪಿಗೆ ಇದ್ದ ಆಸರೆಯೂ ಹೋಗುತ್ತದೆ.

ಮೆತ್ತೆ ಇರುವ ಬ್ರೇಸ್‌ಗಳಲ್ಲಿ ಹಲವು ಎಡಗಾಲು, ಬಲಗಾಲಿಗೆ ಬೇರೆ ಬೇರೆ. ಉಲ್ಟಾ ಹಾಕಿದರೆ ಚಿಪ್ಪು ಯಾವ ಕಡೆ ಜಾರುತ್ತದೋ ಅತ್ತಲೇ ತಳ್ಳಿದಂತಾಗುತ್ತದೆ. ಇದಕ್ಕೆ ಒಂದು ಅಪವಾದವಿದೆ: ಹಿಂದೆ ಚಿಪ್ಪಿನ ಹೊರಬದಿಯ ಕಟ್ಟನ್ನು ಸಡಿಲಿಸುವ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ಚಿಪ್ಪು ಒಳಬದಿಗೆ ಜಾರುತ್ತದೆ. ಅಂಥವರು ತಾವಾಗಿಯೇ ಬ್ರೇಸ್ ಕೊಳ್ಳಬಾರದು.

ಅಳತೆಯ ವಿಷಯದಲ್ಲಿ ಅಂದಾಜು ಬೇಡ

ಪ್ಯಾಂಟ್ ಸೈಜ್ ನೋಡಿ ನೀ ಬ್ರೇಸ್ ಆರ್ಡರ್ ಮಾಡುವವರಿದ್ದಾರೆ. ಹೊಲಿಗೆಯ ಟೇಪಿನಿಂದ ಬರಿಗಾಲಿನ ಮೇಲೆ ಅಳತೆ ತೆಗೆಯಬೇಕು. ಕೆಲವು ಕಂಪನಿಗಳು ಚಿಪ್ಪಿನ ನಡುವಿನ ಸುತ್ತಳತೆ ಕೇಳುತ್ತವೆ, ಕೆಲವು ಚಿಪ್ಪಿನಿಂದ ಇಂತಿಷ್ಟು ಇಂಚು ಮೇಲಿನ ತೊಡೆಯ ಅಳತೆ ಕೇಳುತ್ತವೆ. ಒಂದು ಕಂಪನಿಯ ಲಾರ್ಜ್ ಇನ್ನೊಂದರ ಮೀಡಿಯಂ ಆಗಿರಬಹುದು, ಆದ್ದರಿಂದ ಆಯಾ ಪೆಟ್ಟಿಗೆಯ ಮೇಲಿನ ಚಾರ್ಟನ್ನೇ ನೋಡಿ. ಮಂಡಿ ಊದಿರುವಾಗ ಅಳತೆ ಕೊಟ್ಟರೆ ಊತ ಇಳಿದ ಮೇಲೆ ಬ್ರೇಸ್ ಕೆಳಗೆ ಜಾರುತ್ತದೆ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಹಾಕುವಾಗ ಮಂಡಿಯನ್ನು ತುಸು ಮಡಚಿ ಕುಳಿತುಕೊಳ್ಳಿ. ಚಿಪ್ಪು ತೂತಿನ ಮಧ್ಯಕ್ಕೆ ಬರಬೇಕು. ಪಟ್ಟಿಯ ಅಡಿ ಒಂದು ಬೆರಳು ನುಸುಳುವಷ್ಟು ಜಾಗ ಇರಲಿ. ನಂತರ ಎದ್ದು ನಡೆಯಿರಿ, ಒಂದು ಮಹಡಿ ಹತ್ತಿ ಇಳಿಯಿರಿ. ಅರ್ಧ ಗಂಟೆಯ ಬಳಿಕ ಬಿಚ್ಚಿ ಚರ್ಮ ನೋಡಿ. ಪಾದ ಜೋಮು ಹಿಡಿದರೆ, ಬೆರಳುಗಳು ತಣ್ಣಗಾದರೆ ಅಥವಾ ಬಣ್ಣ ಬದಲಾದರೆ ಬಿಗಿ ಹೆಚ್ಚಾಗಿದೆ. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಒಂದು ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತದೆ. ಕೆಳಗಿನ ಪಟ್ಟಿಯನ್ನು ಎಳೆದು ಕಟ್ಟಿದರೆ ಮೊದಲು ಏಟು ಬೀಳುವುದು ಅದಕ್ಕೇ.

ಮುಂಬೈ, ಚೆನ್ನೈನಂಥ ಬೆವರಿನ ಊರುಗಳಲ್ಲಿ ನಿಯೊಪ್ರೀನ್ ಬ್ರೇಸ್ ಇಡೀ ದಿನ ಹಾಕಿಕೊಳ್ಳುವುದು ಶಿಕ್ಷೆಯೇ ಸರಿ. ತುರಿಕೆ, ಬೆವರುಸಾಲೆ ಸಾಮಾನ್ಯ, ಕೆಲವರಿಗೆ ಅದರ ರಬ್ಬರ್ ಅಂಶದಿಂದ ಅಲರ್ಜಿಯೂ ಆಗುತ್ತದೆ. ಗಾಳಿಯಾಡುವ ಹೆಣಿಗೆ ಬಟ್ಟೆಯದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಕಪಾಟಿನಲ್ಲಿ ಬಿದ್ದಿರುವ ಬ್ರೇಸ್‌ನಿಂದ ಯಾರಿಗೂ ಉಪಯೋಗವಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ, ಇಂಡಿಯನ್ ಟಾಯ್ಲೆಟ್ ಬಳಸುವವರಿಗೆ ಮಂಡಿಯ ಹಿಂಬದಿಯಲ್ಲಿ ಬಟ್ಟೆ ಮುದುಡಿ ಕಚ್ಚುತ್ತದೆ. ಹಿಂಬದಿ ತೆಳುವಾಗಿರುವ ಅಥವಾ ತೆರೆದಿರುವ ವಿನ್ಯಾಸ ಅವರಿಗೆ ವಾಸಿ. ಅಂದಹಾಗೆ, ನೆಲದಲ್ಲಿ ಕುಳಿತಾಗಿಗಿಂತ ಅಲ್ಲಿಂದ ಮೈ ತಿರುಗಿಸಿಕೊಂಡು ಏಳುವಾಗಲೇ ಹೆಚ್ಚು ಎಚ್ಚರ ಬೇಕು.

ಬ್ರೇಸ್ ಎಷ್ಟು ಮಾಡೀತು?

ಚಿಪ್ಪು ಒಮ್ಮೆ ಜಾರಿ ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಜಾರುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಚಿಕ್ಕ ವಯಸ್ಸು ಮತ್ತು ಚಪ್ಪಟೆ ತೋಡು ಎರಡೂ ಸೇರಿದರೆ ಸಾಧ್ಯತೆ ಇನ್ನೂ ಹೆಚ್ಚು. ಬ್ರೇಸ್ ಹಾಕಿದರೆ ಮರಳಿ ಜಾರುವುದು ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಅದು ಕೊಡುವುದು ಒಂದಿಷ್ಟು ಆಸರೆ, ನೋವಿನಲ್ಲಿ ತುಸು ಇಳಿಕೆ, ಮಂಡಿಯ ಕಡೆ ಗಮನ. ವ್ಯಾಯಾಮ ಶುರು ಮಾಡುವ ಧೈರ್ಯಕ್ಕೆ ಅಷ್ಟು ಸಾಕು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕ್‌ಕಾನೆಲ್ ಮಂಡಿಚಿಪ್ಪಿನ ನೋವಿಗೆ ರೂಪಿಸಿದ ಟೇಪ್ ಕಟ್ಟುವ ವಿಧಾನದ ಹಿಂದೆಯೂ ಇದೇ ಆಲೋಚನೆ ಇತ್ತು: ನೋವು ತಗ್ಗಿಸಿ, ಆ ಅವಕಾಶದಲ್ಲಿ ಸ್ನಾಯುವಿಗೆ ಕೆಲಸ ಕೊಡುವುದು.

ಹಾಗಾಗಿ ಖರ್ಚು ಮಾಡಲು ಇರುವುದು ಇಷ್ಟೇ ದುಡ್ಡು ಎಂದಾದರೆ ದುಬಾರಿ ಬ್ರೇಸ್‌ಗಿಂತ ಸಾಧಾರಣ ಬ್ರೇಸ್ ಮತ್ತು ಕೆಲವು ಫಿಸಿಯೋಥೆರಪಿ ಭೇಟಿಗಳೇ ಉತ್ತಮ ಆಯ್ಕೆ. ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮತ್ತು ಸೊಂಟದ ಪಕ್ಕದ ಸ್ನಾಯುಗಳು ಗಟ್ಟಿಯಾದರೆ ಇಳಿಜಾರಿನಲ್ಲಿ, ಮೆಟ್ಟಿಲಲ್ಲಿ ಮಂಡಿ ಒಳಕ್ಕೆ ವಾಲುವುದು ಕಡಿಮೆಯಾಗುತ್ತದೆ. ಬಲ ಬಂದಂತೆ ಮೊದಲು ಮನೆಯೊಳಗೆ, ಆಮೇಲೆ ಹೊರಗೆ ಬ್ರೇಸ್ ಬಿಡುತ್ತಾ ಬರುವುದು ರೂಢಿ. ಆಟದ ವೇಳೆಗೆ ಮಾತ್ರ ಕೆಲವರು ಅದನ್ನು ಉಳಿಸಿಕೊಳ್ಳುತ್ತಾರೆ.

ಕೆಲವು ಸಂದರ್ಭಗಳಲ್ಲಿ ಬ್ರೇಸ್ ಹುಡುಕುವುದೇ ತಪ್ಪು. ಚಿಪ್ಪು ಜಾರಿದ ಕೆಲವೇ ಗಂಟೆಗಳಲ್ಲಿ ಮಂಡಿ ಚೆಂಡಿನಂತೆ ಊದಿದರೆ ಒಳಗೆ ರಕ್ತ ಸೇರಿರುವ ಸಾಧ್ಯತೆ ಇದೆ. ಚಿಪ್ಪು ಹೊರಗೆ ಹಾರುವಾಗ ಅಥವಾ ಮರಳಿ ಕೂರುವಾಗ ಮೂಳೆ, ಮೃದ್ವಸ್ಥಿಯ ಚೂರು ಮುರಿದು ಕೀಲಿನೊಳಗೆ ಬೀಳಬಹುದು. ಮಂಡಿ ಮಡಚಲಾಗದೆ ಸಿಕ್ಕಿಕೊಳ್ಳುವುದು, ಒಳಗೆ ಏನೋ ಓಡಾಡಿದಂತೆ ಅನಿಸುವುದು ಇದರ ಸೂಚನೆ. ಸಾದಾ ಎಕ್ಸ್‌ರೇಯಲ್ಲಿ ಈ ಚೂರು ತಪ್ಪಿಹೋಗಬಹುದು, ಎಂಆರ್‌ಐ ಬೇಕಾಗುತ್ತದೆ. ದೊಡ್ಡ ಚೂರನ್ನು ಬೇಗ ಮರಳಿ ಕೂರಿಸಿದರೆ ಕೀಲು ಉಳಿಯುತ್ತದೆ. ತಿಂಗಳುಗಟ್ಟಲೆ ನೀ ಕ್ಯಾಪ್ ಹಾಕಿಕೊಂಡು ತಳ್ಳಿದರೆ ಆ ಅವಕಾಶ ಕೈತಪ್ಪುತ್ತದೆ. ಚಿಪ್ಪು ಪಕ್ಕದಲ್ಲೇ ನಿಂತುಬಿಟ್ಟಿದ್ದರೆ ಅಕ್ಕಪಕ್ಕದವರು ಒತ್ತಿ ಕೂರಿಸಲು ಹೋಗಬಾರದು. ಕಾಲು ಹಿತವಾಗಿರುವ ಸ್ಥಿತಿಯಲ್ಲೇ ಆಧಾರ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು.

ಎರಡನೇ ಬಾರಿ ಪೂರ್ತಿ ಜಾರಿದವರು ಬ್ರೇಸ್ ಬದಲಿಸುವ ಮುನ್ನ ಮೂಳೆ ತಜ್ಞರನ್ನು ಕಾಣಬೇಕು. ಹರಿದ ಎಂಪಿಎಫ್‌ಎಲ್ ಜಾಗದಲ್ಲಿ, ಹೆಚ್ಚಾಗಿ ರೋಗಿಯ ತೊಡೆಯ ಹಿಂಭಾಗದ ಸ್ನಾಯುರಜ್ಜನ್ನೇ ಬಳಸಿ, ಹೊಸ ಲಿಗಮೆಂಟ್ ಕಟ್ಟುವ ಶಸ್ತ್ರಚಿಕಿತ್ಸೆ ಈಗ ದೊಡ್ಡ ನಗರಗಳ ಮೂಳೆ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಅದು ಬೇಕೇ, ಮೂಳೆಯನ್ನೂ ಸರಿಪಡಿಸಬೇಕೇ ಎಂಬುದು ಸ್ಕ್ಯಾನ್‌ನ ಅಳತೆಗಳ ಮೇಲೆ ನಿಲ್ಲುತ್ತದೆ. ವೈದ್ಯರ ಬಳಿ ಹೋಗುವಾಗ ಈಗ ಬಳಸುತ್ತಿರುವ ಬ್ರೇಸ್ ಜೊತೆಗಿರಲಿ, ಅದನ್ನು ಹೇಗೆ ಹಾಕುತ್ತೀರಿ ಎಂದು ಅವರ ಮುಂದೆಯೇ ಒಮ್ಮೆ ಹಾಕಿ ತೋರಿಸಿ.